ಹುರುಳಿ ಹಾಸಿದ ರಸ್ತೆ

ಅರಳಗುಪ್ಪೆ
ಭಾನುವಾರ, 19 ಜನವರಿ 2025

ಚಿ. ಸೌ. ಜೀವಿತಾಳಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ರೂಢಿ. ಈ ಸಲ ಆ ಸಾಲು ಬರೆಯಲು ಕೈ ಬರಲಿಲ್ಲ. ಇಲ್ಲಿ ಯಾರೂ ಕ್ಷೇಮವಾಗಿಲ್ಲ. ದಬ್ಬೇಘಟ್ಟದಲ್ಲಿ ನೀನೂ ಕ್ಷೇಮವಾಗಿಲ್ಲ ಎಂದು ನನಗೆ ಗೊತ್ತು.

ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು, "ಸ್ಟೇಷನ್‌ಗೆ ಹೋದ್ರಾ ಅಪ್ಪ?" ಎಂದು. ನಾನು ಹಸು ಕರು ಹಾಕಿದ್ದು, ಬೋರ್‌ವೆಲ್ ಮೋಟಾರು ಸುಟ್ಟಿದ್ದು, ಏನಾದರೊಂದು ಎತ್ತಿ ತಪ್ಪಿಸಿಕೊಳ್ಳುತ್ತೇನೆ. ಮೊನ್ನೆ ನೀನು "ಸರಿ ಬಿಡಿ" ಎಂದು ಫೋನ್ ಇಟ್ಟುಬಿಟ್ಟೆ. ಆ "ಸರಿ ಬಿಡಿ" ಇನ್ನೂ ಕಿವಿಯಲ್ಲಿದೆ. ಕಾಗದದಲ್ಲಾದರೆ ಮಧ್ಯದಲ್ಲಿ ಮಾತು ತಿರುಗಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯಲು ಕೂತೆ.

ಸಂಕ್ರಾಂತಿಗೆ ನೀನು ಬರಲಿಲ್ಲ. ಬಂದಿದ್ದರೂ ಇಲ್ಲಿ ಹಬ್ಬವಿರಲಿಲ್ಲ. ನಿಮ್ಮಮ್ಮ ಈ ವರ್ಷ ಎಳ್ಳು ಬೀರಲಿಲ್ಲ. ಹೆಚ್ಚಿ ಒಣಗಿಸಿದ್ದ ಕೊಬ್ಬರಿ ಡಬ್ಬಿಯಲ್ಲೇ ಇದೆ. ಮೊಮ್ಮಗಳು ವರ್ಷಿಣಿಗೆಂದು ಹಾಕಿದ್ದ ಸಕ್ಕರೆ ಅಚ್ಚಿಗೆ ಇರುವೆ ಮುತ್ತಿಕೊಂಡಿತ್ತು, ತೆಗೆದು ಹೊರಗೆ ಎಸೆದಳು.

ನಿನಗೆ ತಿಳಿದಿರುವುದು ನಮ್ಮ ಅಳಿಯಂದಿರು ಜ್ಞಾನೇಶ್ ಅವತ್ತು ಮನೆಗೆ ಬಂದು ಹೇಳಿದಷ್ಟು ಮಾತ್ರ. ಈಗ ನನ್ನ ಬಾಯಿಂದ ಕೇಳು.

ಅವತ್ತು ನಮ್ಮ ಹುರುಳಿ ಒಕ್ಕಣೆ. ನಮ್ಮ ಕಡೆ ಈಗ ಯಾರು ಕಣ ಮಾಡುತ್ತಾರೆ ಹೇಳು? ಟಾರು ರಸ್ತೆಯ ಮೇಲೆ ಗಿಡ ಹಾಸಿ, ಎರಡು ತುದಿಗೂ ಕಲ್ಲಿಟ್ಟು ಕೂತರೆ ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಬೈಕಿನವರು ಜಾರಿ ಬೀಳುತ್ತಾರೆ ಎಂದು ಗೊತ್ತು. ರಸ್ತೆಯ ವಿಷಯದಲ್ಲಿ ಊರಿಗೆಲ್ಲ ಬಯ್ಯುವ ನಾನೂ ಹಾಸುತ್ತೇನೆ. ಪಕ್ಕದ ತೋಟದ ಹುಚ್ಚರಂಗಯ್ಯ, ಅವನ ಹೆಂಡತಿ ಭೈರಮ್ಮ ಮುಯ್ಯಿಗೆ ಬಂದಿದ್ದರು. ಅವತ್ತು ಅವರು ನಮ್ಮ ಕೆಲಸಕ್ಕೆ, ಮರುದಿನ ನಾವು ಅವರ ಕೆಲಸಕ್ಕೆ. ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಊರೆಲ್ಲ ತಿರುಗಿಸಿದ ಭೈರಮ್ಮ. ಬೆಳಿಗ್ಗೆ ಬಂದವಳೇ, "ಜೀವಿತವ್ವ ಹಬ್ಬಕ್ಕೆ ಬತ್ತಾಳಾ? ಮಗೀನ ನೋಡ್ಬೇಕು ಕಣ್ರೀ" ಎಂದಿದ್ದಳು.

ಅಳಿಯಂದಿರು ಕೊಬ್ಬರಿ ತುಂಬಿದ ಪಿಕಪ್ ತಂದರು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಟೆಂಡರ್ ದಿನ, ನಮ್ಮ ಮನೆಯ ಮೂಟೆಗಳನ್ನೂ ಹಾಕಿಕೊಂಡು ಹೋಗುವುದೆಂದು ಮಾತಾಗಿತ್ತು. ಮೂಟೆ ಏರಿಸಿದ ಮೇಲೆ ನಾನೇ ಕೇಳಿದೆ, "ಹೆಂಗಿದ್ರೂ ಭಾರದ ಗಾಡಿ, ಹುರುಳಿ ಮೇಲೆ ಒಂದೆರಡು ಸುತ್ತು ಹೊಡ್ದುಬುಡಿ" ಎಂದು. "ಲೇಟಾಯ್ತದೆ ಮಾವ" ಎಂದರು. ನಾನು ಬಿಡಲಿಲ್ಲ. ಮೊದಲ ಸುತ್ತು ನಿಧಾನವಾಗಿ ಬಂದರು, ಕಾಯಿ ಒಡೆಯಲಿಲ್ಲ. "ಸ್ವಲ್ಪ ಜೋರಾಗಿ ಬನ್ನಿ" ಎಂದು ಕೈ ಬೀಸಿದವನೂ ನಾನೇ.

ಅವರಿಗೆ ಜೋರು ಓಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನವರೇ ಹೆದರಿ ದಾರಿ ಬಿಡುವ ಹಾಗೆ ಓಡಿಸುತ್ತಾರೆ. ಹೋದ ವರ್ಷ ತುರುವೇಕೆರೆ ರಸ್ತೆಯಲ್ಲಿ ಒಬ್ಬ ಸ್ಕೂಟರಿನವನನ್ನು ಚರಂಡಿಗೆ ಇಳಿಸಿದ್ದನ್ನು ನೀನೇ ಅಳುತ್ತಾ ಹೇಳಿದ್ದೆ. ಬೇರೆ ಯಾರ ಮಗನಾದರೂ ಆಗಿದ್ದರೆ ಅವತ್ತೇ ಠಾಣೆಗೆ ನಂಬರ್ ಕೊಟ್ಟಿರುತ್ತಿದ್ದೆ. ಅಳಿಯನಾದ್ದರಿಂದ, ಕೈ ಚುರುಕು ಎಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟೆ.

ಹುರುಳಿ ಕಡ್ಡಿಯ ಮೇಲೆ ಚಕ್ರ ಜಾರಿತು. ಭೈರಮ್ಮ ಅಂಚಿನಲ್ಲಿ ಬಗ್ಗಿ, ಆಚೆ ಸಿಡಿದ ಕಾಳನ್ನು ಪೊರಕೆಯಿಂದ ಒಳಕ್ಕೆ ದೂಡುತ್ತಿದ್ದಳು, ಗಾಡಿ ಅವಳಿಗೆ ಬಡಿಯಿತು. ನಿಮ್ಮಮ್ಮ ಬುತ್ತಿ ತರಲು ಮನೆಗೆ ಹೋಗಿದ್ದಳು. ಹುಚ್ಚರಂಗಯ್ಯ ರಸ್ತೆ ಕಾಣದಷ್ಟು ದೂರ, ಹೊಲದಲ್ಲಿ ಇನ್ನೊಂದು ಹೊರೆ ಕಟ್ಟುತ್ತಿದ್ದ. ರಸ್ತೆಯಲ್ಲಿ ಇದ್ದದ್ದು ನಾವು ಮೂವರೇ. ಆಮೇಲೆ ಗಾಡಿ ತಿಪಟೂರಿನ ಕಡೆ ಹೋಯಿತು. ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದು ಬರುವ ಹೊತ್ತಿಗೆ ಭೈರಮ್ಮ ಹೋಗಿಬಿಟ್ಟಿದ್ದಳು.

ಪೊಲೀಸಿನವರು ಬಂದಾಗ, "ಯಾವುದೋ ಗಾಡಿ, ನಾನು ಆ ತುದೀಲಿದ್ದೆ, ಸರಿಯಾಗಿ ಕಾಣ್ಲಿಲ್ಲ" ಎಂದೆ. ಆ ಕಾನ್‌ಸ್ಟೇಬಲ್‌ಗೆ ನಾನು ಹೊಸಬನೇ? ಹೈಸ್ಕೂಲು ಮುಂದೆ ಬೈಕಿನ ಮುಂಚಕ್ರ ಎತ್ತಿ ಹಾರಿಸುವ ಹುಡುಗರ ಮೇಲೆ, ಒಬ್ಬರನ್ನೊಬ್ಬರು ಹಿಂದೆ ಹಾಕುವ ಪ್ರೈವೇಟ್ ಬಸ್ಸುಗಳ ಮೇಲೆ, ಟ್ರಾಕ್ಟರಿನ ಮೇಲೆ ಜನ ತುಂಬಿಕೊಂಡು ಹೋಗುವವರ ಮೇಲೆ, ಎಷ್ಟು ಅರ್ಜಿ ಬರೆದಿದ್ದೇನೋ. ನೀನು ಕಾಲೇಜಿನಲ್ಲಿದ್ದಾಗ ನಿನ್ನ ಕ್ಲಾಸಿನ ಹುಡುಗನನ್ನೇ ಹಿಡಿಸಿದ್ದೆನಲ್ಲ, ಆಗ ನೀನು "ಟ್ರಾಫಿಕ್ ಅಪ್ಪ" ಎಂದು ವಾರಗಟ್ಟಲೆ ಆಡಿಕೊಂಡಿದ್ದೆ. ಆ ಕಾನ್‌ಸ್ಟೇಬಲ್ ನನ್ನ ಮುಖ ನೋಡಿ, "ಏನ್ ಸ್ವಾಮಿ, ಸೈಲೆನ್ಸರ್ ತೆಗ್ದಿರೋ ಬೈಕ್ ನಂಬರ್‌ನೂ ಬಿಡ್ದಂಗೆ ಹೇಳ್ತಿದ್ರಿ. ಈ ಸಲ ಒಂದಕ್ಷರನೂ ಕಾಣ್ಲಿಲ್ವ?" ಎಂದ. ತಮಾಷೆಗೆ ಕೇಳಿದನೋ, ಅನುಮಾನ ಬಂದು ಕೇಳಿದನೋ ಗೊತ್ತಾಗಲಿಲ್ಲ. ಅಪರಿಚಿತ ವಾಹನ ಎಂದು ಬರೆದುಕೊಂಡು ಹೋದ.

ನಿನ್ನ ಸಿಟ್ಟಿನಲ್ಲಿ ತಪ್ಪೇನಿಲ್ಲ. "ಹಾದೀಲಿ ಹೋಗೋರ ಮೇಲೆಲ್ಲ ಕಂಪ್ಲೇಂಟ್ ಕೊಟ್ಟೋರು ಅಪ್ಪ ನೀವು. ಅಳಿಯ ಅಂದ ತಕ್ಷಣ ಬಾಯಿ ಕಟ್ಟೋಯ್ತಾ? ಗುದ್ದಿದ್ದು ಹೋಗ್ಲಿ, ಆ ಮನುಷ್ಯ ನಿಲ್ಲಿಸ್ಲೂ ಇಲ್ವಲ್ಲ. ಸಾಯೋರನ್ನ ರೋಡಲ್ಲಿ ಬಿಟ್ಟು ಟೆಂಡರ್‌ಗೆ ಹೋದೋರ ಜೊತೆ ನಾನು ಹೆಂಗೆ ಬಾಳ್ಲಿ?" ಎಂದೆ. ನೀನು ಅವರ ಜೊತೆ ಮಾತು ಬಿಟ್ಟಿದ್ದೀಯ, ಅಡಿಗೆ ಮಾಡಿ ಮುಚ್ಚಿಟ್ಟು ಎದ್ದು ಹೋಗುತ್ತೀಯ ಎಂದು ನಿಮ್ಮಮ್ಮ ಹೇಳಿದಳು. ನಾನು ಠಾಣೆಗೆ ಹೋಗದಿದ್ದರೆ ನೀನೇ ಹೋಗುತ್ತೇನೆಂದೂ ಹೇಳಿದೆಯಂತೆ.

ನಿಮ್ಮಮ್ಮನಿಗೆ ಮೊದಮೊದಲು ನಿನ್ನದೇ ಚಿಂತೆ. "ಮಗಳಿಗೆ ಬುದ್ಧಿ ಕೆಟ್ಟಿದೆ, ನಿಮಗೂ ಕೆಡ್ಬೇಕೇನ್ರೀ? ಗಂಡನ್ನ ಜೈಲಿಗೆ ಹಾಕ್ಸಿ ಆ ಮನೇಲಿ ಅವಳು ಒಂದ್ ದಿನ ಇರಕ್ಕಾಯ್ತದಾ? ಕೂಸು ಬೇರೆ ಇದೆ" ಎಂದು ನನ್ನ ಮೇಲೆ ಹಾರಾಡಿದಳು. ನಾನು ಅದಕ್ಕೆ ಜೋತುಬಿದ್ದೆ. ಹೆಂಡತಿ ಅಡ್ಡ ಬಂದಳು, ಮಗಳ ಬಾಳು ಹಾಳಾಗುತ್ತದೆ, ಹೋದವಳು ತಿರುಗಿ ಬರುತ್ತಾಳಾ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ರುಚಿಸುತ್ತಿತ್ತು.

ಹಬ್ಬ ಕಳೆದ ಮೇಲೆ ಹುಚ್ಚರಂಗಯ್ಯ ಬಂದ. ಗಡ್ಡ ಬಂದು ಮುಖ ಗುರುತು ಸಿಗದ ಹಾಗಾಗಿದೆ. ಜಗಲಿಯ ಮೇಲೆ ಕೂರು ಎಂದರೂ ಕೂರದೆ ಕೆಳಗೆ ಮೆಟ್ಟಿಲ ಮೇಲೆ ಕೂತ. ಅಂಗಿ ಜೇಬಿನಿಂದ ಮಡಿಸಿದ ಬಿಳಿ ಹಾಳೆ ತೆಗೆದು ನನ್ನ ಮುಂದೆ ಹಿಡಿದ.

"ಅಯ್ನೋರೆ, ಒಂದು ಅರ್ಜಿ ಬರ್ಕೊಡಿ. ಸ್ಟೇಷನ್‌ನಾಗೆ ಹೋಗು ಬಾ ಅಂತ ತಿರುಗಿಸ್ತಾವ್ರೆ. ನಿಮ್ಮ ಕೈಬರಹ ಕಂಡ್ರೆ ಅವ್ರು ಒಂದೀಟು ಬಗ್ತಾರೆ. ನೀವೊಬ್ರೇ ಅಲ್ವಾ ಅಲ್ಲಿದ್ದೋರು. ಬಣ್ಣ ಯಾವ್ದು, ಎಂಥ ಗಾಡಿ, ಏನಾರ ಗೆಪ್ತಿಗೆ ಬಂದ್ರೆ ಅದ್ನೂ ಬರೀರಿ."

ನಾನು ಹಾಳೆ ತೆಗೆದುಕೊಂಡೆ. ಅವನೇ ಮುಂದುವರಿಸಿದ.

"ರಕ್ತ ಹೋಗಿ ಸತ್ತಿರೋದು ಅಂದ್ರು ಕಣ್ರೀ, ಕುಯ್ದ ಡಾಕ್ಟ್ರು. ತಕ್ಷಣ ತಂದಿದ್ರೆ ಉಳೀತಿದ್ಲಂತೆ. ಗುದ್ದಿದ್ದು ಗುದ್ದಿದ, ಆ ನನ್ಮಗ ಗಾಡೀಲಿ ಹಾಕ್ಕೊಂಡು ತಿಪಟೂರಿಗೆ ಹೋಗಿದ್ರೆ ನಾನು ಅವನ ಕಾಲು ಹಿಡ್ಕಂತಿದ್ದೆ. ಕೇಸೂ ಹಾಕ್ತಿರ್ಲಿಲ್ಲ."

ನಿಮ್ಮಮ್ಮ ಒಳಗೆ ಕಾಫಿ ಮಾಡಿ ಲೋಟ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ಹೊರಗೆ ಬರಲಿಲ್ಲ. ನಾನು ಒಳಗೆ ಹೋದರೆ, "ನನ್ನ ಕೈಲಿ ಅವನಿಗೆ ಕೊಡಕ್ಕಾಗಲ್ಲ, ನೀವೇ ಕೊಡಿ" ಎಂದು ಲೋಟ ನನ್ನ ಕೈಗಿಟ್ಟು ಹಿತ್ತಲಿಗೆ ಹೋಗಿಬಿಟ್ಟಳು. ನಾನು ಕೊಟ್ಟೆ. ಅವನು ಕುಡಿದ. "ಕನ್ನಡಕ ಎಲ್ಲಿಟ್ಟಿದೀನೋ, ನಾಳೆ ಬರ್ದಿಡ್ತೀನಿ ಬುಡು" ಎಂದೆ. ಕನ್ನಡಕ ನನ್ನ ಮೂಗಿನ ಮೇಲೆಯೇ ಇತ್ತು. ಅವನು ನೋಡಿದ. ದುಃಖಕ್ಕೆ ನನಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಹೋಗುವಾಗ, "ನಿಮ್ಗೂ ಬೋ ನೋವಾಗೈತೆ ಅಂತ ಗೊತ್ತು ಬುಡಿ" ಎಂದು ನನಗೇ ಸಮಾಧಾನ ಹೇಳಿ ಹೋದ.

ಅವತ್ತಿನಿಂದ ನಿಮ್ಮಮ್ಮ ನನಗೆ ಅಡ್ಡ ಬರುವುದನ್ನು ಬಿಟ್ಟಳು. ಹೋಗಿ ಎನ್ನುವುದೂ ಇಲ್ಲ. ಆ ಹುರುಳಿ ಇನ್ನೂ ರಸ್ತೆಯ ಪಕ್ಕ ಗುಡ್ಡೆಯಾಗಿ ಬಿದ್ದಿದೆ. ಒಳಗೆ ತರಲು ಅವಳಿಗೂ ಮನಸ್ಸಿಲ್ಲ, ನನಗೂ ಇಲ್ಲ. ಹುಚ್ಚರಂಗಯ್ಯನ ಹುರುಳಿ ಮೆದೆ ಅವನ ಹೊಲದಲ್ಲೇ ನಿಂತಿದೆ. ನಾವು ಅವನಿಗೆ ಮುಯ್ಯಿ ತೀರಿಸಬೇಕಿತ್ತು. ಆ ಕಡೆ ಮುಖ ಹಾಕಿಲ್ಲ.

ಈಗ ತೀರ್ಮಾನ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಮೊದಲು ಅವನ ಮನೆಗೆ ಹೋಗುತ್ತೇನೆ. ಠಾಣೆಯಲ್ಲಿ ಬೇರೆಯವರ ಬಾಯಿಂದ ಅವನಿಗೆ ಗೊತ್ತಾಗುವುದು ಬೇಡ. ಹೊಡೆದರೂ ಹೊಡೆಸಿಕೊಳ್ಳುತ್ತೇನೆ. ಆಮೇಲೆ ಠಾಣೆಗೆ ಹೋಗಿ, ಗಾಡಿ ಯಾರದು, ಓಡಿಸಿದವರು ಯಾರು, ಜೋರಾಗಿ ಬನ್ನಿ ಎಂದವನು ಯಾರು, ಎಲ್ಲ ಬರೆದುಕೊಡುತ್ತೇನೆ. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೂ ಕೇಸು ಹಾಕಿದರೆ ಹಾಕಲಿ.

ಇವತ್ತು ಸಂಜೆ ಅಳಿಯಂದಿರಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಜಗಳ ಮಾಡುತ್ತಾರೆ ಎಂದುಕೊಂಡಿದ್ದೆ. "ಆಗ್ಲಿ ಮಾವ, ನಾನೂ ಬತ್ತೀನಿ. ನಂಗೂ ಊಟ ಸೇರ್ತಿಲ್ಲ" ಎಂದರು. ಬೇರೇನೂ ಹೇಳಲಿಲ್ಲ. ಹೇಳಬಹುದಾಗಿತ್ತು.

ಊರು ನಾಲ್ಕು ದಿನ ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ನಿಮ್ಮತ್ತೆ ಏನಾದರೂ ಅಂದರೆ ಎದುರು ಮಾತಾಡಬೇಡ, ನನ್ನನ್ನು ಬಯ್ಯಲು ಹೇಳು. ಇಲ್ಲಿಗೆ ಬರುವ ಮನಸ್ಸಾದರೆ ವರ್ಷಿಣಿಯನ್ನು ಕರೆದುಕೊಂಡು ಬಾ, ಇದು ನಿನ್ನ ಮನೆ. ಆದರೆ ಗಂಡನನ್ನು ಬಿಟ್ಟುಬಿಡುವ ಮಾತನ್ನು ಈಗಲೇ ಆಡಬೇಡ ಎಂದು ಬೇಡಿಕೊಳ್ಳುತ್ತೇನೆ.

ಶಿವ ನಿನಗೆ ಗಟ್ಟಿ ಮನಸ್ಸು ಕೊಡಲಿ, ನಿನ್ನ ಮಗಳನ್ನು ಚೆನ್ನಾಗಿಟ್ಟಿರಲಿ. ಬಿಸಿಲಲ್ಲಿ ಅವಳನ್ನು ರಸ್ತೆಗೆ ಆಡಲು ಬಿಡಬೇಡ.

ನಿನ್ನ ಅಪ್ಪ,
ಸದಾಶಿವಯ್ಯ

ತಾ. ಕ.: ಸಹಿ ಹಾಕಿ ಕಾಗದ ಮಡಿಸಿದ್ದೆ. ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ಕಳಿಸಿದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ನಾನು ಇಷ್ಟು ದಿನ ಠಾಣೆಗೆ ಹೋಗದೆ ಇದ್ದದ್ದು ನಿನ್ನ ಬಾಳಿಗೆ ಹೆದರಿ ಅಲ್ಲ.

ಜ್ಞಾನೇಶ್ ಗಾಡಿ ನಿಲ್ಲಿಸಿದರು ಮಗಳೇ. ಬಾಗಿಲು ತೆಗೆದು ಹಾರಿ ಇಳಿದು ಓಡಿ ಬಂದು ಭೈರಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಮಾವ, ಮೂಟೆ ಕೆಳಗೆ ತಳ್ಳಿ, ಇವರನ್ನ ಮಲಗಿಸ್ಕೊಂಡು ಆಸ್ಪತ್ರೆಗೆ ಹೋಗ್ಬಿಡ್ತೀನಿ" ಎಂದು ಕೂಗಿದರು. ನಾನು ಹೋಗಿ ಅವರ ರಟ್ಟೆ ಹಿಡಿದು ಎಬ್ಬಿಸಿದೆ. "ಜನ ಸೇರಿದ್ರೆ ಬಡಿದು ಸಾಯಿಸ್ತಾರೆ, ಹೊರಡಿ" ಎಂದೆ. ಅವರು ಒಪ್ಪಲಿಲ್ಲ. ವರ್ಷಿಣಿಯ ಮೇಲೆ ಆಣೆ ಇಟ್ಟೆ. ಆಗ ಭೈರಮ್ಮನ ತಲೆಯನ್ನು ಮೆಲ್ಲಗೆ ಹುರುಳಿಯ ಮೇಲೆ ಇಳಿಸಿ, ಅಳುತ್ತಾ ಗಾಡಿ ಹತ್ತಿದರು. ನೀನು ಇಷ್ಟು ದಿನ ಹೇಡಿ ಎಂದು ಹಂಗಿಸಿದರೂ ಅವರು ನನ್ನ ಹೆಸರು ಎತ್ತಿಲ್ಲ. ಅವರು ಓಡಿಹೋಗಲಿಲ್ಲ, ನಾನು ಓಡಿಸಿದೆ.

ನಾಳೆ ಇದನ್ನೂ ಹುಚ್ಚರಂಗಯ್ಯನಿಗೆ ಹೇಳಬೇಕು. ಒಂದು ಮಾತು ಮಾತ್ರ ಹೇಗೆ ಹೇಳುವುದೋ ತಿಳಿಯದು. ಭೈರಮ್ಮನಿಗೆ ಪೂರ್ತಿ ಎಚ್ಚರವಿತ್ತು. ನಾನು ಅಳಿಯನನ್ನು ತಳ್ಳುತ್ತಿದ್ದಾಗ ನನ್ನ ಪಂಚೆಯ ಅಂಚು ಹಿಡಿದುಕೊಂಡು, "ಅಯ್ನೋರೆ, ಗಾಡಿ ಕಳಿಸ್ಬ್ಯಾಡಿ, ನನ್ನೂ ಹತ್ತಿಸಿ" ಎಂದಳು. ನಾನು ಪಂಚೆ ಬಿಡಿಸಿಕೊಂಡೆ.