ಮಾಮಿಯ ಫ್ರೆಂಚ್ ಉಂಗುರ

ದಾರ್ಸೈಟ್, ಮಸ್ಕತ್
24 ಜನವರಿ 2025, ಶುಕ್ರವಾರ

ನನ್ನ ಮುದ್ದು ಅಮ್ಮಾ,

ಕಾಗದ ನೋಡಿ ಗಾಬರಿಯಾಗಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ವಾಟ್ಸಾಪ್ ಇರುವಾಗ ಇದೆಂತ ಅವತಾರ ಎನ್ನುತ್ತೀ, ಗೊತ್ತು. ಆದರೆ ನೀನು ನನ್ನ ವಾಯ್ಸ್ ಮೆಸೇಜನ್ನು ಸ್ಪೀಕರಿಗೆ ಹಾಕುತ್ತೀ, ಅಡುಗೆಮನೆಯಿಂದ ಚಿಕ್ಕಮ್ಮ ಉತ್ತರ ಕೊಡುತ್ತಾರೆ. ಇದು ನೀನೊಬ್ಬಳೇ ಓದಬೇಕಾದದ್ದು. ವಿಶಾಲ್ ಅವರ ಆಫೀಸಿನ ಶೆಲ್ಡನ್ ನಾಳೆ ಮಂಗಳೂರಿಗೆ ಹೊರಟಿದ್ದಾರೆ. ಖರ್ಜೂರದ ಡಬ್ಬಿಯ ಜೊತೆ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಮದುವೆಯಾಗಿ ಇವತ್ತಿಗೆ ಎಂಬತ್ತೊಂಬತ್ತು ದಿನ! ಎಣಿಸುತ್ತಿದ್ದೇನೆ ಎಂದು ಯಾರಿಗೂ ಹೇಳಬೇಡ. ಸಂಜೆ ವಾದಿ ಕಬೀರ್‌ನ ಆಫೀಸಿನಿಂದ ಬಂದವರೇ ವಿಶಾಲ್ ಕೆಳಗಿನಿಂದ ಎರಡು ಸಲ ಹಾರ್ನ್ ಹೊಡೆಯುತ್ತಾರೆ, ನಾನು ಬಾಲ್ಕನಿಗೆ ಓಡುತ್ತೇನೆ, ಎದುರುಮನೆಯ ಮುಫೀದಾ ನಗುತ್ತಾಳೆ. ನನ್ನ ನೀರುದೋಸೆ ಇನ್ನೂ ಹರಿದೇ ಏಳುತ್ತದೆ. ಇವರು ಅದನ್ನು ಡಿಸೈನರ್ ದೋಸೆ ಎಂದು ಹೊಗಳಿ ಆರು ತಿನ್ನುತ್ತಾರೆ. ಇಷ್ಟು ಖುಷಿ ಇರುವಾಗ ಇದನ್ನು ಬರೆಯುವುದು ವಿಚಿತ್ರ. ಆದರೂ ಬರೆಯುತ್ತೇನೆ.

ವಿಷಯ ಉಂಗುರದ್ದು. ಮದುವೆಯ ದಿನ ವಾರಿಜಾಕ್ಷಿ ಮಾಮಿ "ಸೊಸೆಗೆ ನನ್ನದೊಂದು" ಎಂದು ನನ್ನ ಬೆರಳಿಗೆ ಹಾಕಿದ್ದರಲ್ಲ, ಅದು. ಮಸ್ಕತ್ತಿನ ಒಬ್ಬರು ಫ್ರೆಂಚ್ ಮದಾಂ ಕೊಟ್ಟದ್ದು ಎಂದಷ್ಟೇ ಹೇಳಿದ್ದರು. ಮಂಟಪದ ಹಿಂದೆಯೇ ನಮ್ಮವರು ತಿರುಗಿಸಿ ನೋಡಿ, ಬಣ್ಣ ಬಿಳಿಚಿಕೊಂಡಿದೆ, 916 ಅಲ್ಲವೇ ಅಲ್ಲ, ವಜ್ರದ ನಡುವೆ ತೂತು ಇದ್ದ ಹಾಗೆ ಕಾಣುತ್ತದೆ ಎಂದರು. ಚಿಕ್ಕಮ್ಮ ಸೋಡಾ ಬಾಟಲಿಯ ಚೂರು ಎಂದಾಗ ನೀನು ನಕ್ಕೆ. ನಾನೂ ನಕ್ಕೆ. ಆಮೇಲೆ ಫೋನಿನಲ್ಲಿ ನೀನು ಹೇಳಿದೆ, ಚಿಕ್ಕಮ್ಮನ ಮಗಳು ಮಾನ್ಯಾಳ ಮದುವೆಯೊಳಗೆ ಅದನ್ನು ಕೊಟ್ಟು ಹೊಸ ನಮೂನೆಯದ್ದು ಮಾಡಿಸಿಕೋ, ಕಲ್ಲು ಅದೇ ಇದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು. ನಮ್ಮಲ್ಲಿ ಅದೇನು ದೊಡ್ಡ ವಿಷಯ ಅಲ್ಲವಲ್ಲ. ಅಜ್ಜಿಯ ಅವಲಕ್ಕಿ ಸರ ಕರಗಿ ನಿನ್ನ ಬಳೆಯಾಯಿತು, ನಿನ್ನ ಬಳೆ ಕರಗಿ ನನ್ನ ನೆಕ್ಲೆಸ್ ಆಯಿತು. ಯಾರೂ ಅತ್ತದ್ದು ನಾನು ನೋಡಿಲ್ಲ.

ಈ ತಿಂಗಳ ಮೊದಲ ವಾರ, ವಿಶಾಲ್ ಆಫೀಸಿಗೆ ಹೋದ ಮೇಲೆ, ಟ್ಯಾಕ್ಸಿ ಹಿಡಿದು ರುವಿಗೆ ಹೋದೆ. ಚಿನ್ನದಂಗಡಿಯ ಫಯಾಝ್ ಭಟ್ಕಳದವರು, ಕನ್ನಡ ಬರುತ್ತದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತುಂಬ ಹೊತ್ತು ನೋಡಿದರು. ಒಳಗೆ ಹದ್ದಿನ ತಲೆಯ ಪುಟ್ಟ ಮುದ್ರೆ ಉಂಟು, ಅದು ಫ್ರಾನ್ಸಿನವರ ಹದಿನೆಂಟು ಕ್ಯಾರೆಟ್ಟಿನ ಗುರುತು ಎಂದರು. "ಕಲ್ಲು ಕೈಯಲ್ಲಿ ಕೊರೆದದ್ದು ಮೇಡಂ, ನೂರು ವರ್ಷದ ಮೇಲಾಯಿತು. ಇದು ತೂತಲ್ಲ, ಅಡಿಯ ಮೊನೆಯನ್ನು ಬೇಕೆಂದೇ ಚಪ್ಪಟೆ ಮಾಡಿದ್ದಾರೆ. ಎರಡು ಮುಖ ಒಂದೇ ಅಳತೆ ಇಲ್ಲ ನೋಡಿ. ಈಗ ಹೀಗೆ ಯಾರು ಕೂತು ಮಾಡ್ತಾರೆ?" ಒಳಬದಿಯಲ್ಲಿ ಏನೋ ಅಕ್ಷರಗಳೂ ಇದ್ದವು. ನಾನು ಓದುವ ಗೋಜಿಗೆ ಹೋಗಲಿಲ್ಲ. ಅತ್ತೆ ಕೊಟ್ಟದ್ದೆಂದು ನಾನೇ ಹೇಳಿದ್ದೆ. ಅವರಿಗೆ ಗೊತ್ತುಂಟಾ ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ಹೌದು ಎಂದೆ.

ನಾಲ್ಕು ದಿನದಲ್ಲಿ ಇಪ್ಪತ್ತೆರಡು ಕ್ಯಾರೆಟ್ಟಿನ ಐದೆಸಳಿನ ಹೂವು, ನಡುವೆ ಅದೇ ವಜ್ರ. ಎಷ್ಟು ಚಂದ ಅಂತೀ! ಹನ್ನೊಂದು ಫೋಟೋ ತೆಗೆದೆ. ಹಳೆಯದು ಕರಗುವುದಕ್ಕೆ ಹೋಯಿತು.

ಹೋದ ಶುಕ್ರವಾರ ಸಹಮ್‌ನ ಮನೆಯಿಂದ, ವಾರಕ್ಕೊಮ್ಮೆ ಬರುವ ಹಾಗೆ, ಮಾಮಿ ಬಂದರು. ನಾನು ಹಿಟ್ಟು ಕಲಸುತ್ತಿದ್ದೆ, ಉಂಗುರ ತೆಗೆದಿಟ್ಟಿದ್ದೆ. ಅವರ ಮುಖದಲ್ಲಿ ಅಂಥ ಸಂಭ್ರಮ ನಾನು ನೋಡಿರಲಿಲ್ಲ. ಮದಾಂ ಅವರ ಮಗಳು ಕ್ಲೇರ್ ಪ್ರವಾಸಿ ಹಡಗಿನಲ್ಲಿ ಮಂಗಳವಾರ ಮುತ್ರಾಕ್ಕೆ ಬರುತ್ತಾಳಂತೆ, ಒಂದೇ ದಿನಕ್ಕೆ. ಉಂಗುರವನ್ನು ಒಮ್ಮೆ ನೋಡಬೇಕಂತೆ. ಆಗ ಮಾಮಿ ಕೂತು ಕತೆ ಹೇಳಿದರು.

ಮಾತುಕತೆಯ ಸಮಯ ನಮಗೆ "ಫ್ರೆಂಚ್ ಕಂಪೆನಿಯಲ್ಲಿದ್ದರು" ಎಂದಿದ್ದರಲ್ಲ, ಅದು ಮನೆಕೆಲಸ ಅಮ್ಮಾ. ಒಬ್ಬ ಫ್ರೆಂಚ್ ಇಂಜಿನಿಯರರ ಮನೆಯಲ್ಲಿ, 1997ರಲ್ಲಿ. ಒಂದು ದಿನ ಮದಾಂ ಅವರ ಉಂಗುರ ಕಾಣೆಯಾಯಿತು. ಸಾಹೇಬರು ಊಟದ ಮೇಜಿನ ಮೇಲೆ ಮಾಮಿಯ ಚೀಲ ಸುರಿದರು. ಬಾಚಣಿಗೆ, ಒಂದು ಪೊಟ್ಟಣ ಜೀರಿಗೆ ಪೆಪ್ಪರಮಿಂಟು, ಊರಿನಲ್ಲಿ ಅಜ್ಜಿಯ ಜೊತೆ ಬಿಟ್ಟು ಬಂದ ಪುಟ್ಟ ವಿಶಾಲ್‌ನ ಫೋಟೋ. ವೀಸಾ ಕೊಟ್ಟ ಕಫೀಲ್‌ಗೆ ಹೇಳಿ ಊರಿಗೆ ಕಳಿಸುವ ಮಾತಾಯಿತು. ಮೂರನೇ ದಿನ ಉಂಗುರ ಸಿಕ್ಕಿತು, ಮದಾಂ ಗಿಡಗಳಿಗೆ ಮಣ್ಣು ಹಾಕುವಾಗ ತೊಡುತ್ತಿದ್ದ ಕೈಗವಸಿನ ಬೆರಳಿನಲ್ಲಿ. ಮದಾಂ ಬಂದು ಅದನ್ನು ಮಾಮಿಯ ಬೆರಳಿಗೆ ಹಾಕಿ, ಮುಷ್ಟಿ ಮಡಚಿ, ಹಿಡಿದುಕೊಂಡೇ ನಿಂತರಂತೆ. "ನಾನು ಬೇಡ ಬೇಡ ಅಂದೆ. ಕೈ ಬಿಡಲಿಲ್ಲ ಮಾರಾಯ್ತಿ." ಮಾಮಿ ಒಂದು ದಿನವೂ ಅದನ್ನು ತೊಡಲಿಲ್ಲ. ತೊಟ್ಟರೆ ಕದ್ದದ್ದು ಎಂದಾರು ಎಂಬ ಹೆದರಿಕೆ.

ಮದಾಂ ಕಳೆದ ವರ್ಷ ತೀರಿಕೊಂಡರು. ಒಳಗೆ ಕೆತ್ತಿದ್ದ ಅಕ್ಷರ, ತಾರೀಕು ಅವರ ಮನೆಯಲ್ಲಿ ಈಗ ಯಾರಿಗೂ ನೆನಪಿಲ್ಲ, ಕ್ಲೇರ್ ಅದನ್ನು ಬರೆದುಕೊಳ್ಳಬೇಕಂತೆ. "ಉಂಟು, ಬಾ ಅಂತ ಹೇಳಿದ್ದೇನೆ," ಎಂದರು ಮಾಮಿ. "ನಾನು ಮಾರಿ ತಿನ್ನಲಿಲ್ಲ ಅಂತ ಅವರ ಮನೆಯವರಿಗೆ ಒಂದು ಸಲ ಗೊತ್ತಾಗಲಿ."

ನಾನು ಹಿಟ್ಟು ಕಲಸುತ್ತಲೇ ಇದ್ದೆ. ಉಂಗುರ ಕಪಾಟಿನಲ್ಲಿದೆ ಎಂದೆ.

ಮರುದಿನ ಫಯಾಝ್ ಬಳಿ ಓಡಿದೆ. "ಖಲಾಸ್ ಮೇಡಂ, ಕರಗಿ ಗಟ್ಟಿಯಾಯಿತು," ಎಂದರು. "ಎರಡು ಸಲ ಕೇಳಿದ್ದೆನಲ್ಲ." ಅಷ್ಟೇ. ವಿಶಾಲ್‌ಗೆ ಹೇಳಿದಾಗ ಅವರು ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ. ಕೊನೆಗೆ ಒಂದು ದಾರಿ ಹುಡುಕಿದರು. ಉಂಗುರ ಊರಿನ ಬ್ಯಾಂಕ್ ಲಾಕರಿನಲ್ಲಿದೆ, ಗಡಿಬಿಡಿಯಲ್ಲಿ ಮರೆತಿದ್ದೆವು ಎನ್ನುವುದು. ನಾಚಿಕೆಯಾಗುವಷ್ಟು ಬೇಗ ಒಪ್ಪಿದೆ. ಸೋಮವಾರ ಫೋನಿನಲ್ಲಿ ಮಾಮಿಗೂ ಹಾಗೆಯೇ ಹೇಳಿದೆವು. ಅವರು, ಛೆ, ಎಂದರು. ನಂಬಿದರು.

ಮಂಗಳವಾರ ಮುತ್ರಾದ ಸಮುದ್ರದ ಎದುರಿನ ಚಹಾ ಅಂಗಡಿಯಲ್ಲಿ ಕೂತೆವು. ಮಾಮಿ ನೇರಳೆ ರೇಷ್ಮೆಸೀರೆ ಉಟ್ಟಿದ್ದರು. ಕ್ಲೇರ್ ಅವರನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆಮೇಲೆ ಉಂಗುರ ಕೇಳಿದಳು. ವಿಶಾಲ್ ಇಂಗ್ಲಿಷಿನಲ್ಲಿ ಲಾಕರಿನ ಮಾತು ಹೇಳಿದರು. ಕ್ಲೇರ್ ನಕ್ಕು, ಪರವಾಗಿಲ್ಲ, ನನಗೆ ಅರ್ಥವಾಗುತ್ತದೆ ಎಂದಳು, ತುಂಬ ಮೆಲ್ಲಗೆ, ತುಂಬ ಮರ್ಯಾದೆಯಿಂದ. ಆ ನಗು ಎಂಥದ್ದೆಂದು ನನಗೂ ತಿಳಿಯಿತು. ಮಾಮಿ ಕಾಲಬುಡದ ಚೀಲ ತೆಗೆದು ಮಡಿಲಲ್ಲಿಟ್ಟು ಝಿಪ್ ಎಳೆದು ತೆರೆದಿಟ್ಟರು. ಚೀಲ ತೋರಿಸು ಎಂದು ಯಾರೂ ಕೇಳಿರಲಿಲ್ಲ.

ನಾನು ಮೇಜಿನ ಕೆಳಗಿದ್ದ ಕೈಯನ್ನು ಮೇಲಿಟ್ಟೆ. ಹೂವಿನ ಉಂಗುರ ತೆಗೆದು ಕ್ಲೇರ್ ಮುಂದಿಟ್ಟು, ವಜ್ರ ಇದೇ, ಹಳೆಯದನ್ನು ನಾನು ಕರಗಿಸಿದೆ, ಅತ್ತೆಗೆ ಗೊತ್ತಿಲ್ಲ, ಇವರು ಇಪ್ಪತ್ತೇಳು ವರ್ಷ ಬೆರಳಿಗೂ ಹಾಕದೆ ಇಟ್ಟಿದ್ದರು ಎಂದೆ. ಆಮೇಲೆ ಅದನ್ನೇ ತುಳುವಿನಲ್ಲಿ ಮಾಮಿಗೆ ಹೇಳಿದೆ. ತುಳುವಿನಲ್ಲಿ ಹೇಳುವುದು ಹೆಚ್ಚು ಕಷ್ಟವಾಯಿತು.

ಕ್ಲೇರ್ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಗುರುತಿಸಬಲ್ಲೆ, ಆದರೆ ತಾರೀಕು ಹೋಯಿತಲ್ಲ ಎಂದಳು. ಮಾಮಿ ನನ್ನ ಕಡೆ ನೋಡಲಿಲ್ಲ. ಮಗನ ಜೇಬಿನಿಂದ ಪೆನ್ನು ಎಳೆದುಕೊಂಡು ತಾವೇ ಟಿಶ್ಯೂ ಮೇಲೆ ನಿಧಾನವಾಗಿ ಬರೆದರು: ಒಂದು ‘ಎಲ್’, ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ಸಣ್ಣ ‘ಎ’, ಒಂದು ‘ಎಂ’, ಕೆಳಗೆ ಜೂನ್ 12, 1887. ವರ್ಷಕ್ಕೊಮ್ಮೆ ಆ ಉಂಗುರವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ಒರೆಸಿ ಇಡುತ್ತಿದ್ದರಂತೆ. ಕ್ಲೇರ್ ಆ ಟಿಶ್ಯೂವನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಳು. ಹೋಗುವಾಗ ಮಾಮಿಯ ಎರಡೂ ಕೈಗಳಿಗೆ ಮುತ್ತಿಟ್ಟಳು.

ಉಂಗುರವನ್ನು ಮಾಮಿಗೆ ಕೊಡಲು ಹೋದೆ. "ನಿನಗೆ ಚಂದ ಕಾಣ್ತದೆ, ಇಟ್ಕೋ. ಅದು ನನ್ನದಲ್ಲ," ಎಂದರು. ಇವತ್ತು ಎಂದಿನಂತೆ ಬಂದರು, ನನ್ನ ದೋಸೆ ಹರಿಯುವುದು ಹಿಟ್ಟು ದಪ್ಪವಾದದ್ದಕ್ಕೆ ಎಂದು ನೀರು ಹಾಕಿ ತೋರಿಸಿದರು. ಅಷ್ಟರ ಮಟ್ಟಿಗೆ ಸರಿಯಾಗಿದೆ.

ಅಪ್ಪನಿಗೆ ನಮಸ್ಕಾರ. ಖರ್ಜೂರವನ್ನು ಪೂರ್ತಿ ಚಿಕ್ಕಮ್ಮನಿಗೇ ಕೊಟ್ಟುಬಿಡಬೇಡ.

ಅಪ್ಪಿ ಅಪ್ಪಿ ಮುತ್ತು,
ನಿನ್ನ ಪ್ರಣೀತಾ

ಮರೆತೆ: ಈ ಬುದ್ಧಿ ಯಾರು ಕೊಟ್ಟದ್ದು ಎಂದು ಮಾಮಿ ಇವತ್ತು ಒಂದೇ ಸಲ ಕೇಳಿದರು. ನನ್ನದೇ ಎಂದೆ. ಕಾವಲಿಗೆ ಇನ್ನೊಂದು ದೋಸೆ ಹೊಯ್ದು, "ನಾನಾಗಿ ಈ ವಿಷಯ ಎತ್ತುವುದಿಲ್ಲ, ಹೆದರುವುದು ಬೇಡ ಅಂತ ನಿನ್ನ ಅಮ್ಮನಿಗೆ ಬರಿ," ಎಂದರು. ನಾನು ನಿನಗೆ ಬರೆಯುತ್ತಿದ್ದೇನೆ ಎಂದು ಅವರಿಗೆ ಹೇಳಿರಲೇ ಇಲ್ಲ. ಅಮ್ಮಾ, ನೀನೇ ಎತ್ತು.