ಹುಳಕ್ಕೆ ಯೂರಿಯಾ

ಗೋಕಾಕ
೨೦ ನವೆಂಬರ್ ೨೦೨೪

ರೇಶನ್ ಕಾರ್ಡಿನಲ್ಲಿ ಇನ್ನೂ ನನ್ನ ಗಂಡನೆಂದೇ ಇರುವ ಶ್ರೀಶೈಲ ಅವರಿಗೆ, ಸುಜಾತಾಳ ಶರಣು.

ನಿಮ್ಮ ಪತ್ರ ಮುಟ್ಟಿತು. ನಿಮ್ಮ ಡ್ರೈವರ್ ಪರಶುರಾಮ ಅದರ ಜೊತೆಗೆ ಅರ್ಧ ಕಿಲೋ ಕರದಂಟಿನ ಡಬ್ಬಿಯನ್ನೂ ಕೊಟ್ಟು ಹೋದ. ಗೋಕಾಕದಲ್ಲಿ ಇರುವವಳಿಗೆ ಸಂಕೇಶ್ವರದಿಂದ ಕರದಂಟು ಕಳಿಸಿದ ಮೊದಲ ಮನುಷ್ಯ ನೀವೇ ಇರಬೇಕು. ಡಬ್ಬಿಯ ಮೇಲೆ ನಮ್ಮ ಓಣಿಯ ಅಂಗಡಿಯ ಹೆಸರೇ ಇದೆ. ಒಬ್ಬರ ಮನೆಯಿಂದ ಒಯ್ದದ್ದನ್ನು ತಿರುಗಿ ಅವರಿಗೇ ಉಡುಗೊರೆ ಕೊಡುವುದು ನಿಮಗೆ ಹಳೆಯ ರೂಢಿ. ಡಬ್ಬಿಯನ್ನು ಕಾಲೇಜಿನ ಪ್ಯೂನ್ ಸಾತಪ್ಪನಿಗೆ ಕೊಟ್ಟೆ.

ಹೊಸ ಬ್ಯಾಕ್ಟೀರಿಯಾ ಬೇಕು ಎಂದಿದ್ದೀರಿ. ಹಳೆಯದು ಮೊದಲೇ ನಿಶ್ಶಕ್ತವಾಗಿತ್ತು ಎಂದು ನಾನೇ ಸಹಿ ಮಾಡಿ ನಿಮ್ಮ ಕಾರ್ಖಾನೆಯ ಡೈರೆಕ್ಟರರಿಗೆ ಒಂದು ಕಾಗದ ಬರೆದು ಕೊಡಬೇಕು ಎಂದೂ ಕೇಳಿದ್ದೀರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀವು ಅವಳಿಗಿಂತ ಒಂದು ಹೆಜ್ಜೆ ಮುಂದೆ. ನೆಲವೇ ಬಂದು ತಾನು ಡೊಂಕು ಎಂದು ಬರೆದುಕೊಡಬೇಕು ನಿಮಗೆ.

ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ಮೂಡಲಗಿಯ ಕರೆಪ್ಪನ ಬೆಲ್ಲದ ಗಾಣದ ಹಿಂದಿನ ಕೊಚ್ಚೆಯಲ್ಲಿ. ನಾನು ಮೊಣಕಾಲುದ್ದ ರಾಡಿಯಲ್ಲಿ ನಿಂತು ಬಾಟಲಿ ತುಂಬುತ್ತಿದ್ದಾಗ ನೀವು ಗಾಡಿಯಲ್ಲಿ ಕುಳಿತು ಮೂಗಿಗೆ ಕರವಸ್ತ್ರ ಹಿಡಿದಿದ್ದಿರಿ. ಆಮೇಲೆ ನಾಲ್ಕು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಅದಕ್ಕೆ ಎಥೆನಾಲ್ ಕಾರ್ಖಾನೆಯ ಕರಿನೀರು ಕುಡಿಸಿ ಸಾಕಿದೆ. ಎಥೆನಾಲ್ ಇಳಿಸಿಕೊಂಡ ಮೇಲೆ ಉಳಿಯುವ, ನಾಯಿ ಕೂಡ ಮೂಸದ ಆ ನೀರನ್ನು ತಿಂದು, ನನ್ನ ಹುಳಗಳು ತಮ್ಮ ಮೈಯೊಳಗೆ ಬಿಳಿ ಪ್ಲಾಸ್ಟಿಕ್ ಕಟ್ಟಿಕೊಂಡವು. ಅದರಿಂದ ಮಾಡಿದ ಸಸಿ ಚೀಲವನ್ನು ಅತ್ತೆಯವರ ಬದನೆ ಮಡಿಯಲ್ಲಿ ಹುಗಿದಿದ್ದೆ. ಐದು ತಿಂಗಳಲ್ಲಿ ಮಣ್ಣಾಗಿತ್ತು. ನೀವದನ್ನು ನೋಡಿದಿರಿ, ನಕ್ಕಿರಿ, ಜೂನ್ ತಿಂಗಳಲ್ಲಿ ಸಾತಪ್ಪನಿಗೆ ‘ಮೇಡಂ ಹೇಳ್ಯಾರ, ಕೊಡು’ ಅಂತ ಸುಳ್ಳು ಹೇಳಿ ಲ್ಯಾಬಿನ ಫ್ರಿಜ್ಜಿನಿಂದ ಟ್ಯೂಬುಗಳನ್ನೂ ನನ್ನ ರಿಜಿಸ್ಟರನ್ನೂ ಒಯ್ದಿರಿ. ಕಾರ್ಖಾನೆಯ ಕ್ವಾರ್ಟರ್ಸಿಗೆ ನಿಮ್ಮ ಪೆಟ್ಟಿಗೆ ಹೋದದ್ದೂ ಅದೇ ವಾರ. ಎರಡರಲ್ಲಿ ನನಗೆ ಹೆಚ್ಚು ನೆನಪಾದದ್ದು ಟ್ಯೂಬುಗಳು.

ದೀಪಾವಳಿ ಪಾಡ್ಯದ ದಿನ ನೀವು ಹುಳಗಳನ್ನು ಟ್ಯಾಂಕಿಗೆ ಬಿಟ್ಟ ಸಮಾರಂಭವನ್ನು ಪರಶುರಾಮ ನನಗೆ ಒಂದೂ ಬಿಡದೆ ಹೇಳಿದ್ದಾನೆ. ಆರು ಟ್ಯಾಂಕುಗಳಿಗೆ ಚೆಂಡು ಹೂವಿನ ಹಾರ, ಎಲ್ಲರಿಗಿಂತ ದೊಡ್ಡ ಹಾರ ನಿಮಗೆ. ಆಮೇಲೆ ನೀವು ಗೋದಾಮಿನಿಂದ ಯೂರಿಯಾ ಚೀಲಗಳನ್ನು ಹೊರಿಸಿ ತಂದಿರಂತೆ. ‘ಕಬ್ಬಿಗೆ ಯೂರಿಯಾ ಒಗದರ ಹೆಂಗ ಏಳತೈತಿ, ಇವೂ ಹಂಗ ಏಳತಾವ ನೋಡ್ರಿ’ ಅಂದಿರಂತೆ. ಕಬ್ಬು ಬೆಳೆಗಾರರೆಲ್ಲ ಖರೆ ಖರೆ ಎಂದು ತಲೆಯಾಡಿಸಿದರಂತೆ. ಮರುದಿನ ಟ್ಯಾಂಕುಗಳು ನೊರೆ ಉಕ್ಕಿ ಹರಿದವು, ನೀವು ಪೇಢೆ ಹಂಚಿದಿರಿ.

ಏನಾಯಿತೆಂದು ಈಗಲಾದರೂ ತಿಳಿದುಕೊಳ್ಳಿ. ಆ ಹುಳ ಪ್ಲಾಸ್ಟಿಕ್ ಕಟ್ಟುವುದು ಕೊರತೆಯಲ್ಲಿ. ತಿನ್ನಲು ಸಿಹಿ ಬೇಕಾದಷ್ಟಿದ್ದು, ಸಂತಾನ ಬೆಳೆಸಲು ಬೇಕಾದ ಸಾರಜನಕ ಇಲ್ಲದಾಗ, ಮುಂದಿನ ದಿನಕ್ಕಿರಲಿ ಎಂದು ಸಿಹಿಯನ್ನು ಮೈಯೊಳಗೆ ಕೂಡಿಡುತ್ತದೆ. ಆ ಕೂಡಿಟ್ಟದ್ದೇ ಪ್ಲಾಸ್ಟಿಕ್. ಯೂರಿಯಾ ಎಂದರೆ ಸಾರಜನಕ. ನೀವು ಅದನ್ನು ಸುರಿದ ಮೇಲೆ ಅವಕ್ಕೆ ಕೂಡಿಡುವ ಚಿಂತೆ ಯಾಕೆ? ತಿಂದವು, ಮರಿ ಹಾಕಿದವು, ಸತ್ತವು. ನಿಮಗೆ ಉಳಿದದ್ದು ಆರು ಟ್ಯಾಂಕು ನಾರುವ ಗಂಜಿ. ಇಪ್ಪತ್ತು ವರ್ಷ ಡಿಸ್ಟಿಲರಿ ನಡೆಸಿದ ಮನುಷ್ಯ ಹುಳವನ್ನೂ ಕಬ್ಬನ್ನೂ ಒಂದೇ ಸಾಲಿನಲ್ಲಿ ನೆಟ್ಟಿದ್ದು ನೆನೆದರೆ, ನಿಮ್ಮ ಜೊತೆ ಹನ್ನೊಂದು ವರ್ಷ ಸಂಸಾರ ಮಾಡಿದ ನನ್ನ ಬುದ್ಧಿಯ ಮೇಲೂ ಸಂಶಯ ಬರುತ್ತದೆ.

ರಿಜಿಸ್ಟರಿನಲ್ಲಿ ಯೂರಿಯಾ ಹಾಕಬಾರದೆಂದು ಎಲ್ಲೂ ಬರೆದಿರಲಿಲ್ಲ ಎಂದು ದೂರಿದ್ದೀರಿ. ಪೇಪರಿನಲ್ಲಿ ನಿಮ್ಮ ಫೋಟೋ ಬಂದ ಪುಟ ಬಿಟ್ಟು ನೀವು ಏನನ್ನಾದರೂ ಪೂರ್ತಿ ಓದಿದ್ದನ್ನು ನಾನಂತೂ ಕಂಡಿಲ್ಲ.

ನಿಮ್ಮ ಹಾರ ಬಾಡಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಇನ್ನು ಕರಿನೀರೆಲ್ಲ ಚೀಲವಾಗುತ್ತದೆ ಎಂದು ಹೇಳಿ, ಅದನ್ನು ನಿಲ್ಲಿಸುವ ಹೊಂಡಕ್ಕೆ ಹೊಸ ತಳ ಹಾಸುವ ಕೆಲಸವನ್ನು ದಸರೆಯ ಮುಂಚೆಯೇ ನಿಲ್ಲಿಸಿದವರು ನೀವು. ಈಗ ಕರಿನೀರೂ ಟ್ಯಾಂಕಿನ ಗಂಜಿಯೂ ಆ ಒಡಕು ಹೊಂಡಕ್ಕೇ ಹೋಗಿ ಮಣ್ಣಿಗೆ ಇಳಿಯುತ್ತಿವೆ. ಹೊಂಡದಿಂದ ಕೂಗಳತೆಯಲ್ಲಿ ನಿಮ್ಮ ತಾಯಿಯ ತೋಟದ ಮನೆ ಇದೆ, ಬಾವಿ ಇದೆ. ಪತ್ರದಲ್ಲಿ ಆ ಬಾವಿಯ ಮಾತೇ ಇಲ್ಲ.

ನಾನು ರವಿವಾರ ಹೋಗಿದ್ದೆ. ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದರು, ಎದ್ದು ತಂಬಿಗೆಯಲ್ಲಿ ನೀರು ತಂದುಕೊಟ್ಟರು. ಕರಿ ಚಹದ ಬಣ್ಣ, ಸುಟ್ಟ ಬೆಲ್ಲದ ವಾಸನೆ. ಎಂಟು ದಿನದಿಂದ ಹೊಟ್ಟೆ ಕೆಟ್ಟಿದೆಯಂತೆ. ಪಂಚಾಯತಿಯವರು ಟ್ಯಾಂಕರ್ ಕಳಿಸಿದರೆ ತಿರುಗಿ ಕಳಿಸಿದ್ದಾರೆ. ‘ನನ್ನ ಸೊಸಿ ಸಾಕಿದ ಹುಳ ಅದಾವ ಅದರಾಗ. ತಾವ ತಿಳಿ ಮಾಡತಾವ, ತಡೀರಿ’ ಅಂದರಂತೆ. ನನಗೂ ಅದನ್ನೇ ಹೇಳಿ, ‘ಹೌದಿಲ್ಲವಾ ಸುಜಾತಾ’ ಅಂತ ಕೇಳಿದರು. ನಾನು ತಂಬಿಗೆ ಎತ್ತಿ ಅಷ್ಟೂ ನೀರು ಕುಡಿದೆ. ಯಾಕೆ ಎಂದು ಕೇಳಬೇಡಿ.

ನೀವು ಕೇಳಿದ ಕಾಗದ ನನ್ನ ಕೈಯಿಂದ ಬರುವುದಿಲ್ಲ. ಹೊಸ ಟ್ಯೂಬುಗಳು ಬರುತ್ತವೆ, ನಾನೇ ತರುತ್ತೇನೆ. ಸೋಮವಾರ ಮುಂಜಾನೆ ಆರೂ ಟ್ಯಾಂಕು ತೊಳೆದು ಬಿಸಿ ಹಬೆ ಬಿಟ್ಟಿರಬೇಕು. ಯೂರಿಯಾ ಗೋದಾಮಿನ ಕೀಲಿ ಪರಶುರಾಮನ ಕೈಯಲ್ಲಿರಲಿ. ಹೊಂಡದ ಕೆಲಸ ಅವತ್ತೇ ಮತ್ತೆ ಶುರುವಾಗಬೇಕು. ಇಲ್ಲವಾದರೆ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹುಕ್ಕೇರಿಯ ತಹಶೀಲ್ದಾರರ ಮೇಜಿನ ಮೇಲೆ ಇಡುತ್ತೇನೆ. ಇದು ನಿಮಗಾಗಿ ಮಾಡುತ್ತಿದ್ದೇನೆ ಎಂದು ಯಾರ ಮುಂದೂ ಹೇಳಿಕೊಳ್ಳಬೇಡಿ.

ನಿಮ್ಮ ಮೇಲೆ ಯಾವ ಗೌರವವೂ ಉಳಿಯದ,
ಸುಜಾತಾ

ಮರೆತಿದ್ದೆ: ಇದರ ಜೊತೆ ಒಂದು ಹಳೆಯ ಹಾಳೆ ಇದೆ, ನೋಡಿ. ನನ್ನ ರಿಜಿಸ್ಟರಿನ ಮೂವತ್ತೊಂದನೇ ಪುಟ. ‘ಯೂರಿಯಾ ಬೇಡವೇ ಬೇಡ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಸಲ ಗೆರೆ ಎಳೆದಿದ್ದೇನೆ. ಜೂನ್‌ನಲ್ಲಿ ಟ್ಯೂಬು ಒಯ್ಯುವ ಮುಂಚೆ ನೀವು ಫ್ರಿಜ್ಜಿನ ಕೀಲಿ ಎಲ್ಲಿರುತ್ತದೆ ಎಂದು ವಿಚಾರಿಸಿದ್ದನ್ನು ಸಾತಪ್ಪ ಅವತ್ತೇ ನನಗೆ ಹೇಳಿದ್ದ. ನಾನು ಕೀಲಿ ಬಚ್ಚಿಡಲಿಲ್ಲ. ಈ ಪುಟ ಹರಿದು ಪರ್ಸಿನಲ್ಲಿಟ್ಟುಕೊಂಡೆ. ಹಾರ ಹಾಕಿಕೊಂಡು ನಿಂತ ನೀವು ನಾಲ್ಕು ಜನರ ಮುಂದೆ ತಲೆ ತಗ್ಗಿಸಬೇಕೆಂದಿತ್ತು. ಪಾಡ್ಯದ ಸುದ್ದಿ ಕೇಳಿ ಬಹಳ ನಕ್ಕೆ. ಬಾವಿ ನೆನಪಾಗಲಿಲ್ಲ. ಅತ್ತೆಯವರಿಗೆ ಇದನ್ನು ನಾನೇ ಹೇಳಬೇಕು, ನೀವು ಮುಂಚೆಯೇ ಹೇಳಬೇಡಿ. ಅಲ್ಲಿಯವರೆಗೆ ಅವರಿಗೆ ಟ್ಯಾಂಕರ್ ನೀರನ್ನಷ್ಟೇ ಕುಡಿಸಿ.