ಬಾಗಿಲಿನದೇನೂ ತಪ್ಪಿರಲಿಲ್ಲ

ಪ್ರೀತಿಯ ಅತ್ತಿಗೆ,

ನೀವು ತವರಿಗೆ ಹೋಗಿ ಎಂಟು ದಿನವಾಯಿತು. ಮನೆಯಲ್ಲಿ ಎಲ್ಲರೂ ಕ್ಷೇಮ; ಅಣ್ಣ ಮಾಡಿದ ಅಡುಗೆ ಉಂಡೂ ಕ್ಷೇಮ. ಎದುರಿಗೆ ನಿಂತು ಹೇಳಲು ಬಾಯಿ ಬಾರದ ಮಾತೊಂದಿದೆ, ಅದಕ್ಕೇ ಈ ಪತ್ರ. ಗಾಬರಿಯಾಗಬೇಡಿ, ಒಳ್ಳೆಯ ಸುದ್ದಿಯೇ.

ನಾವಿಬ್ಬರೂ ದುಡಿಯುವ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಗೇಟಿನಲ್ಲಿರುವ 'ಅಪಘಾತವಿಲ್ಲದ ದಿನಗಳು' ಬೋರ್ಡ್ ನಿಮಗೆ ಗೊತ್ತಲ್ಲ? ದಿನಾ ಬೆಳಗ್ಗೆ ಸ್ಟೂಲ್ ಹತ್ತಿ ಅದರ ಅಂಕಿ ಬದಲಿಸುವ ಸುರಕ್ಷತಾ ಅಧಿಕಾರಿ ನಿಮ್ಮ ಈ ಮೈದುನ. ಅದು ಒಂಬೈನೂರ ಎಂಬತ್ತಾರರಲ್ಲಿದ್ದ ದಿನ ನಿಮ್ಮ ಬಲಗೈ ತೋರುಬೆರಳಿನ ತುದಿ, ರಟ್ಟಿಗೆ ಮಡಿಕೆ ಒತ್ತುವ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಕೆಲಸ ಬೇಗ ಸಾಗಲೆಂದು ಅದರ ತಡೆಜಾಲರಿ ಬಿಚ್ಚಿಟ್ಟಿದ್ದರು. ನನಗೆ ಗೊತ್ತಿತ್ತು. ಕಂಡೂ ಕಾಣದಂತಿದ್ದೆ. ಸಾವಿರ ದಿನದ ಸಮಾರಂಭಕ್ಕೆ ಎರಡೇ ವಾರ ಉಳಿದಿತ್ತು. 'ಊಟದ ಬಿಡುವಿನಲ್ಲಿ ಮನೆಗೆ ಹೋದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿದೆ' ಎಂದು ರಿಜಿಸ್ಟರಿನಲ್ಲಿ ಬರೆದು ನಿಮ್ಮ ಮುಂದೆ ಹಿಡಿದೆ. ನೀವು ಎಡಗೈಯಲ್ಲಿ ಸಹಿ ಹಾಕುತ್ತಾ, "ಹೋಗ್ಲಿ ಬಿಡು, ನಿನ್ನ ಬೋರ್ಡಿಗೆ ನನ್ನ ಬೆರಳು ಯಾಕೆ ಅಡ್ಡ ಬರ್ಬೇಕು?" ಎಂದಿರಿ. ಮರುದಿನ ಒಂಬೈನೂರ ಎಂಬತ್ತೇಳು ಹಾಕಲು ಸ್ಟೂಲ್ ಹತ್ತಿ, ಒಮ್ಮೆ ಹಾಗೇ ಇಳಿದೆ. ಮತ್ತೆ ಹತ್ತಿ ಹಾಕಿದೆ.

ಅಣ್ಣತಮ್ಮಂದಿರಲ್ಲಿ ಜಗಳ ಬೇಡವೆಂದು ಅಣ್ಣನಿಗೂ ಬಾಗಿಲಿನ ಕಥೆಯನ್ನೇ ಹೇಳಿದಿರಿ. ಪಾಪ, ಅವನು ಏನೂ ಮಾಡದ ಅಡುಗೆಮನೆ ಬಾಗಿಲಿಗೆ ಚೆನ್ನಾಗಿ ಬೈದು, ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ. ಏಳು ತಿಂಗಳು, ಆ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಾಗಲೆಲ್ಲ ನನಗೆ ಊಟ ಸೇರುತ್ತಿರಲಿಲ್ಲ. "ಡಯಟ್ ಮಾಡ್ತಿದಾನೆ, ಬಿಡ್ರಿ" ಎಂದು ನೀವೇ ನನ್ನ ಪರವಾಗಿ ಮಾತಾಡುತ್ತಿದ್ದಿರಿ.

ಮೊನ್ನೆ ಸೋಮವಾರ ನಿರ್ದೇಶಕರ ಸಭೆ. ಪರಿಸರ, ಸಮಾಜ, ಆಡಳಿತ ಎಂದು ಮೂರು ಭಾಗದ ವರದಿ ಈ ವರ್ಷದಿಂದ ಕಡ್ಡಾಯ. ನೆಟ್ಟ ಗಿಡ, ಮರುಬಳಕೆಯ ನೀರು, ಎಲ್ಲವನ್ನೂ ಗಿಳಿಪಾಠದಂತೆ ಒಪ್ಪಿಸಿದೆ. 'ಕಾರ್ಮಿಕರಿಗಾದ ಗಾಯ: ಸೊನ್ನೆ' ಎಂಬಲ್ಲಿಗೆ ಬಂದಾಗ ನಿಮ್ಮ ಎಡಗೈ ಸಹಿ ಕಣ್ಣೆದುರು ಬಂತು; 'ಗಾಯ' ಎಂದವನು ಮತ್ತೆ ಸಾಲಿನ ಮೊದಲಿನಿಂದ ಓದತೊಡಗಿದೆ. ಹೊಸ ನಿರ್ದೇಶಕಿ ಕನ್ನಡಕ ತೆಗೆದು, "ಯಾಕ್ರೀ, ಸೊನ್ನೆ ಓದೋಕೆ ಅಷ್ಟು ಕಷ್ಟಾನಾ?" ಎಂದರು. "ಅದು ಸುಳ್ಳು ಮೇಡಂ. ಬರೆದೋನು ನಾನೇ" ಎಂದುಬಿಟ್ಟೆ.

ಕೆಲಸ ಹೋಯಿತೆಂದೇ ಅಂದುಕೊಂಡೆ. ಅವರು ಸಭೆ ನಿಲ್ಲಿಸಿ, ಎಲ್ಲರನ್ನೂ ಎಬ್ಬಿಸಿಕೊಂಡು ಯಂತ್ರದ ಹತ್ತಿರ ನಡೆದರು. ಸಂಜೆಯೊಳಗೆ ಜಾಲರಿ ಮತ್ತೆ ಕೂತಿತು. ನನಗೆ ಎಚ್ಚರಿಕೆ ಪತ್ರ ಬಂದಿದೆ, ಈ ವರ್ಷ ಬಡ್ತಿಯಿಲ್ಲ. ಅದನ್ನು ಓದಿ ಹಾಯಾಗಿ ನಿದ್ದೆ ಮಾಡಿದೆ ಅತ್ತಿಗೆ, ಎಷ್ಟೋ ದಿನದ ಮೇಲೆ. ಬೋರ್ಡಿನ ಅಂಕಿಯನ್ನು ನಿಮ್ಮ ಗಾಯದ ದಿನದಿಂದ ಎಣಿಸಿ ಇನ್ನೂರ ಹನ್ನೆರಡಕ್ಕೆ ಇಳಿಸಿದ್ದೇನೆ. ರಿಜಿಸ್ಟರ್ ತಿದ್ದಿದೆ; ನೀವು ಬಂದು ಈ ಸಲ ಬಲಗೈಯಲ್ಲೇ ಸಹಿ ಹಾಕಬೇಕು. ನನ್ನದು ತಪ್ಪಾಯಿತು. ಇದನ್ನು ಅಂದೇ ಹೇಳಬೇಕಿತ್ತು.

ಅಣ್ಣನಿಗೂ ಹೇಳಿದೆ. ಒಂದಿಡೀ ದಿನ ನನ್ನ ಮುಖ ನೋಡಲಿಲ್ಲ. ಇವತ್ತು ಬೆಳಗ್ಗೆ ರಬ್ಬರ್ ಪಟ್ಟಿಯನ್ನೆಲ್ಲ ಕಿತ್ತು, ಬಾಗಿಲಿನ ಬೆನ್ನು ಒಮ್ಮೆ ತಟ್ಟಿ, "ಬಾ, ತಿಂಡಿ ತಿನ್ನು" ಎಂದ. ಬಾಗಿಲು ಮೊದಲಿನಂತೆ ದಡಾರನೆ ಬಡಿದುಕೊಳ್ಳುತ್ತಿದೆ. ನಾನು ಎರಡು ಸಲ ಬಡಿಸಿಕೊಂಡು ತಿಂದೆ.

ನಿಮ್ಮ ಒಂಬತ್ತೂವರೆ ಬೆರಳೂ ತಣ್ಣಗಿರಲಿ. ಬೇಗ ಬನ್ನಿ.

ಇಂತಿ,
ಡಯಟ್ ಬಿಟ್ಟ ನಿಮ್ಮ ಮೈದುನ